ಬಸ್ ಸೌಲಭ್ಯ: ಇದೆ

“ನನಗೆ ಹೆಸರು ಬೇಕು. ಇದನ್ನ ಬರೆದವನ ಹೆಸರು.”

ದರ್ಜಿ ಜನಗಣತಿಯ ಗ್ರಾಮ ಕೈಪಿಡಿಯನ್ನು ತಾಲ್ಲೂಕು ಕಚೇರಿಯ ಗುಮಾಸ್ತನ ಮೇಜಿನ ಮೇಲೆ ಕುಕ್ಕಿದ. ತೆರೆದ ಪುಟದಲ್ಲಿ ಒಂದು ಹಳ್ಳಿಯ ಜಾತಕವೇ ಇತ್ತು. ಜನಸಂಖ್ಯೆ ಆರುನೂರ ಹನ್ನೆರಡು. ಮನೆ ನೂರ ಮೂವತ್ತು. ಶಾಲೆ ಒಂದು. ಆಸ್ಪತ್ರೆ ಇಲ್ಲ. ಬಸ್ ಸೌಲಭ್ಯ: ಇದೆ, ಊರೊಳಗೇ ನಿಲ್ದಾಣ.

ಇದೆಯಂತೆ! ಏಳು ಕಿಲೋಮೀಟರ್ ನಡೆಯದೆ ಆ ಊರಿನವರು ಬಸ್ಸಿನ ಮುಖ ಕಂಡವರಲ್ಲ. ಮೂರು ತಿಂಗಳ ಹಿಂದೆ, ಜ್ವರ ತಲೆಗೇರಿದ ದರ್ಜಿಯ ಮಗಳನ್ನು ಮಂಚದ ಸಮೇತ ಹೊತ್ತುಕೊಂಡು ನಡೆದಿದ್ದರು. ಬಸ್ಸು ಓಡಾಡುವ ರಸ್ತೆ ಕಣ್ಣಿಗೆ ಬೀಳುವಷ್ಟರಲ್ಲಿ ಯಾರಿಗೂ ಅವಸರ ಉಳಿದಿರಲಿಲ್ಲ.

ತಾಯಿಯಿಲ್ಲದ ಒಬ್ಬಳೇ ಮಗಳು. ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂರಿಸಿಕೊಂಡು ಸಾಕಿದ್ದ. ಆ ಹಳ್ಳಿಯ ಮೇಷ್ಟ್ರನ್ನೇ ಮದುವೆಯಾಗುತ್ತೇನೆ ಎಂದು ಅವಳು ಪಟ್ಟು ಹಿಡಿದಾಗ ಅವನು ಹೇಳಿದ್ದು ಇಷ್ಟೇ: “ಬಸ್ಸಿಲ್ಲದ ಊರಿಗೆ ನಿನ್ನ ಕೊಡಲ್ಲ. ಗಣತಿ ನಡೀತಿದೆಯಲ್ಲ, ಹೊಸ ಕೈಪಿಡಿ ಬರಲಿ, ನೋಡೋಣ.” ಕೈಪಿಡಿ ಬಂತು, ಸರ್ಕಾರಿ ಮೊಹರಿನೊಂದಿಗೆ. ಓದಿದ, ಒಪ್ಪಿದ. ಮದುವೆ ಪಟ್ಟಣದಲ್ಲೇ ಆಯಿತು. ಆಮೇಲೆ ಅವಳೇ ತಿಂಗಳಿಗೊಮ್ಮೆ ಬರುತ್ತಿದ್ದಳು. “ನೀನ್ಯಾಕೆ ಅಲೀತೀಯಪ್ಪ, ನಾನೇ ಬರ್ತೀನಲ್ಲ.” ಆ ಊರಿನ ದಾರಿಯನ್ನು ಅವನು ಮೊದಲ ಸಲ ಕಂಡದ್ದು ಅವಳ ಮಣ್ಣಿಗೆ ಹೋದ ದಿನ.

ಅಳಿಯ ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಕೂತಿದ್ದ. ಕರೆಯದೆಯೇ ಹಿಂದೆ ಬಂದಿದ್ದ.

“ಬಿಡಿ ಮಾವ. ಹೆಸರು ಸಿಕ್ಕಿ ಏನಾಗಬೇಕು? ನೋವು ನಿಮಗೇ.”

ಎರಡು ತಿಂಗಳಿಂದ ಇದೇ ರಾಗ. ದರ್ಜಿಗೆ ಅನುಮಾನ ಹುಟ್ಟಿದ್ದೇ ಅದರಿಂದ. ಗಣತಿಗೆ ಮೇಷ್ಟ್ರುಗಳನ್ನೇ ಹಾಕುತ್ತಾರೆ. ಆ ವರ್ಷ ಜನ ಸಾಲದೆ ಮಗಳಂಥವರನ್ನೂ ತಾತ್ಕಾಲಿಕವಾಗಿ ಸೇರಿಸಿಕೊಂಡಿದ್ದರು; ತರಬೇತಿಯಲ್ಲೇ ಇವನ ಪರಿಚಯವಾದದ್ದು. ಮದುವೆಗೆ ಒಂದು ಬಸ್ಸು ಬೇಕಿತ್ತು, ಪೆನ್ನು ಮೇಷ್ಟ್ರ ಕೈಯಲ್ಲಿತ್ತು. ಇನ್ನೇನು ಬೇಕು?

“ನಿಮಗ್ಯಾಕೆ ಇಷ್ಟು ಭಯ?” ಎಂದು ಕೇಳಿಯೇಬಿಟ್ಟ.

“ಭಯ ಇರೋದು ನಿಜ ಮಾವ,” ಎಂದ ಅಳಿಯ, ನೆಲ ನೋಡುತ್ತ.

ಗುಮಾಸ್ತ ಕಪಾಟಿನಿಂದ ಒಂದು ಕಟ್ಟು ಇಳಿಸಿ, ಧೂಳು ಕೊಡವಿ, ದಾರ ಬಿಚ್ಚಿದ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವತೊಡಗಿದ.

“ಇವರ ಹೆಸರೇ ಇರುತ್ತೆ, ನೋಡಿ ಬೇಕಾದ್ರೆ. ಅದೇ ಊರಿನ ಮೇಷ್ಟ್ರು,” ಎಂದ ದರ್ಜಿ.

“ಇರಲ್ಲ ಯಜಮಾನ್ರೇ. ಸ್ವಂತ ಊರಿಗೆ ಯಾರನ್ನೂ ಹಾಕಲ್ಲ. ಬೇರೆ ಯಾರೋ ಹೋಗಿರ್ತಾರೆ.”

ಶಪಿಸಲು ಒಬ್ಬ ಬೇಕಿತ್ತು ದರ್ಜಿಗೆ. ಯಾರೂ ಸಿಗದಿದ್ದರೆ, ಆ ಊರಿಗೆ ಹೂಂ ಎಂದ ತಪ್ಪು ತನ್ನ ತಲೆಗೇ ಬರುತ್ತಿತ್ತು. ಅದನ್ನು ಹೊರುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಬರೆದವನು ಯಾರೇ ಆಗಿರಲಿ, ಅವನ ಮನೆ ಬಾಗಿಲಿಗೇ ಹೋಗಿ ಕೂತು ಅಳಬೇಕೆಂದಿದ್ದ.

“ಸಿಕ್ತು,” ಎಂದ ಗುಮಾಸ್ತ.

ಅಳಿಯ ದಡಬಡನೆ ಎದ್ದು ಬಂದು ಹಾಳೆಯ ಮೇಲೆ ಅಂಗೈ ಊರಿದ. “ಬೇಡ ಮಾವ. ಕೈಮುಗೀತೀನಿ. ನಾನೇ ಬರೆದೆ ಅಂದ್ಕೊಳ್ಳಿ, ನನ್ನನ್ನೇ ಬೈಯಿರಿ.”

ಅವನು ಅಳುತ್ತಿದ್ದ. ದರ್ಜಿ ಆ ಕೈಯನ್ನು ಸರಿಸಿ, ಕನ್ನಡಕ ಏರಿಸಿಕೊಂಡ.

ಗಣತಿ ಮಾಡಿದವರ ಜಾಗದಲ್ಲಿ ಮಗಳು ತನ್ನ ಹೆಸರನ್ನೂ, ಅದರ ಮುಂದೆ ಅಪ್ಪನ ಹೆಸರನ್ನೂ ಬರೆದಿದ್ದಳು.