ಶಕ್ತಿ ಮುಗಿದ ಮೇಲೆ

ಗದಗದ ಕಬಡ್ಡಿ ಫೈನಲ್‌ನ ಕೊನೆಯ ನಿಮಿಷದಲ್ಲಿ ಗಿರಿಜಾಳ ಮಣಿಕಟ್ಟಿನ ಪಟ್ಟಿ ಕೆಂಪಾಯಿತು. ಉಚಿತವಾಗಿ ಆಡುವವರಿಗೆ ದಿನಕ್ಕೆ ಸಿಗುವ ಆಟದ ಶಕ್ತಿ ಅಷ್ಟೇ. ಮುಗಿದರೆ ದುಡ್ಡು ಕೊಟ್ಟು ತುಂಬಿಸಬೇಕು, ಇಲ್ಲವೇ ನಾಳೆಯವರೆಗೆ ಕೂರಬೇಕು. ಎಲ್ಲ ಮೈದಾನಗಳಲ್ಲೂ ಅದೇ ನಿಯಮ.

"ಶಕ್ತಿ ಮುಗಿದ ಆಟಗಾರ್ತಿ ಹೊರಗೆ ಬರಬೇಕು," ಎಂದಿತು ಧ್ವನಿವರ್ಧಕ.

"ಯಾಕ ಬರ್ಲಿ? ನನಗ ದಣಿವಾಗಿಲ್ಲ!" ಎಂದು ಕೂಗಿದ ಗಿರಿಜಾ, "ಕಬಡ್ಡಿ ಕಬಡ್ಡಿ" ಎನ್ನುತ್ತ ಎದುರಾಳಿಗಳ ಅಂಗಳಕ್ಕೆ ನುಗ್ಗಿದಳು.

ಎದುರು ತಂಡದ ನಾಯಕಿ ಶಾಹೀನಾಳ ಪಟ್ಟಿ ಹಸಿರಾಗಿಯೇ ಇತ್ತು. ಅವಳಪ್ಪ ಬೆಳಿಗ್ಗೆಯೇ ತುಂಬಿಸಿದ್ದ. ಕೆಂಪು ಪಟ್ಟಿಯವರ ಅಂಕ ಲೆಕ್ಕಕ್ಕಿಲ್ಲ; ಸುಮ್ಮನೆ ನಿಂತಿದ್ದರೂ ಅವಳೇ ಗೆಲ್ಲುತ್ತಿದ್ದಳು. ಆದರೆ ಅವಳು ಮುನ್ನುಗ್ಗಿ ಗಿರಿಜಾಳ ಸೊಂಟ ಹಿಡಿದಳು. ಅವಳನ್ನು ಎಳೆದುಕೊಂಡೇ ಗಿರಿಜಾ ನಡುಗೆರೆ ಮುಟ್ಟಿದಳು.

ಅಂಕಫಲಕ ಕದಲಲಿಲ್ಲ.

ಶಾಹೀನಾ ಮಣ್ಣಿನಿಂದೆದ್ದು ಅಂಪೈರ್‌ನತ್ತ ತಿರುಗಿದಳು. "ನಾ ಔಟ್ ಆಗೇನಿ, ಬರ್ಕೊಳ್ರಿ!"