ಬೋರ್ಡೋ ಹೊಡೆದ ಬಾಯಿ

"ಇಷ್ಟೇನಾ ಡಾಕ್ಟ್ರೇ? ಇನ್ನೊಂಚೂರು ಹೊಡೀರಿ," ಎಂದು ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿ ಮಲಗಿಕೊಂಡೇ ಧರ್ಮೇಶ ಬೇಡಿದ.

ಡಾಕ್ಟರ್ ಇಲ್ಮಾ ಅವನ ವಸಡನ್ನು ಒರೆಸಿ ಒಣಗಿಸಿ, ಮರಗಟ್ಟಿಸುವ ಸ್ಪ್ರೇಯನ್ನು ಹತ್ತಿಗೆ ಒಂದೇ ಸಲ ಹೊಡೆದು ಅಲ್ಲಿ ಒತ್ತಿಟ್ಟಿದ್ದರು. "ನೋವಿರೋ ಜಾಗಕ್ಕೆ ಮಾತ್ರ. ಎರಡು ನಿಮಿಷ ಸುಮ್ನಿರಿ, ಎಂಜಲು ನುಂಗಬೇಡಿ. ಆಮೇಲೆ ಹುಳುಕು ಕ್ಲೀನ್ ಮಾಡಿ ಮುಚ್ಚಿ ಕಳಿಸ್ತೀನಿ."

"ಹನ್ನೊಂದಕ್ಕೆ ಕಾಫಿ ಸ್ಪರ್ಧೆ ಇದೆ. ನಾಲಿಗೆಗೇನೂ ಆಗಲ್ಲ ತಾನೆ?"

"ನಾಲಿಗೆಗೆ ಏನೂ ಆಗಲ್ಲ," ಎಂದ ಡಾಕ್ಟರು ಫೋನ್ ಬಂತೆಂದು ಆಚೆ ಹೋದರು.

ಸ್ಪರ್ಧೆ ಅಲ್ಲೇ ಎದುರಿನ ಬೆಳೆಗಾರರ ಸಂಘದ ಸಭಾಂಗಣದಲ್ಲಿ. ಮನೆಗೆ ಒಬ್ಬರು. ಏಳು ಕಪ್ಪುಗಳಲ್ಲಿ ತಮ್ಮ ತೋಟದ ಕಾಫಿ ಯಾವುದೆಂದು ಎಲ್ಲರಿಗಿಂತ ಕಡಿಮೆ ಗುಟುಕಿನಲ್ಲಿ ಹೇಳಿದವರಿಗೆ ಹೊಸ ಪಲ್ಪರ್. ಮಲ್ಲಂದೂರಿನ ಧರ್ಮೇಶನಿಗೆ ಮೂರೆಕರೆ ತೋಟವಿತ್ತು, ಹಣ್ಣಿನ ಸಿಪ್ಪೆ ಬಿಡಿಸುವ ಈ ಮೆಷಿನ್ ಇರಲಿಲ್ಲ. ಪಕ್ಕದ ಎಸ್ಟೇಟಿನಲ್ಲಿ ಸರದಿ ಕಾದು ಕಾದು, ಪ್ರತಿ ವರ್ಷ ಅವನ ಅರ್ಧ ಹಣ್ಣು ಚೀಲದಲ್ಲೇ ಹುಳಿಯಾಗುತ್ತಿತ್ತು. ಈ ಸಲ ಪಲ್ಪರ್ ನಮ್ಮದೇ ಎಂದು ಊರಿಗೆಲ್ಲ ಸಾರಿದ್ದ. ಮಲ್ಲಂದೂರಿನಲ್ಲಿ ನಿಂತು ಮೂಗು ಎತ್ತಿದರೆ ದೇವರಮನೆ ಗುಡ್ಡದ ಕೆಳಗೆ ಯಾರ ತೋಟದಲ್ಲಿ ಹೂವಾಗಿದೆ ಎಂದು ಹೇಳುತ್ತೇನೆ, ಇನ್ನು ನನ್ನ ನಾಲಿಗೆಯ ಮುಂದೆ ಏಳು ಕಪ್ಪು ಯಾವ ಲೆಕ್ಕ ಎಂಬುದು ಅವನ ಮಾತು.

ಅರ್ಧ ನಿಮಿಷವಾಯಿತು. ಹಲ್ಲು ಇನ್ನೂ ಚಂಡೆ ಬಾರಿಸುತ್ತಲೇ ಇತ್ತು. ಟ್ರೇಯಲ್ಲಿ ಸ್ಪ್ರೇ ಬಾಟಲಿ ಕಂಡಿತು.

"ರೀ, ಮುಟ್ಬೇಡಿ ಅದನ್ನ," ಎಂದಳು ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ಕುಸುಮಾ.

"ನೀ ಸುಮ್ನಿರು ಮಾರಾಯ್ತಿ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಒಂದೆಲೆಗೆ ಹೊಡೆದು ಮನೆಗೆ ಬರ್ತೀವಾ? ಗಿಡ ಪೂರಾ ತೋಯಬೇಕು, ಎಲೆ ಅಡಿಗೂ ತಾಗಬೇಕು. ನಾಲಿಗೆಗೇನೂ ಆಗಲ್ಲ ಅಂದ್ರಲ್ಲ ಅವ್ರೇ."

ಅವಳು ಏಳುವಷ್ಟರಲ್ಲಿ ಇಪ್ಪತ್ತು ವರ್ಷ ಕಾಫಿ ಗಿಡಕ್ಕೆ ಔಷಧಿ ಹೊಡೆದ ಕೈ ತನ್ನ ಕೆಲಸ ಮುಗಿಸಿತ್ತು. ಮೇಲಿನ ವಸಡು, ಕೆಳಗಿನ ವಸಡು, ಎರಡು ಕೆನ್ನೆ, ನಾಲಿಗೆ, ನಾಲಿಗೆಯ ಅಡಿ, ಕೊನೆಗೆ ಬುಡಕ್ಕಿರಲಿ ಎಂದು ಗಂಟಲಿಗೂ.

ಡಾಕ್ಟರು ಒಳಗೆ ಬಂದವರೇ ಬಾಟಲಿ ಕಿತ್ತುಕೊಂಡರು. "ಎಷ್ಟು ಸಲ ಒತ್ತಿದ್ರಿ?"

ಧರ್ಮೇಶ ಎರಡೂ ಕೈಯ ಬೆರಳು ತೋರಿಸಿದ. ಆಮೇಲೆ ಇನ್ನೆರಡು.

"ಉಗೀರಿ. ಎಲ್ಲಾ ಉಗೀರಿ." ಅವರು ಅವನನ್ನು ಎಬ್ಬಿಸಿ ಕೂರಿಸಿ, ಬೆರಳಿಗೆ ಆಕ್ಸಿಜನ್ ನೋಡುವ ಮೆಷಿನ್ ಸಿಕ್ಕಿಸಿ, ತುಟಿ, ಉಗುರು ನೀಲಿಯಾಗಿದೆಯೋ ಎಂದು ಬೆಳಕಿಗೆ ಹಿಡಿದು ನೋಡಿದರು. "ತಲೆ ಸುತ್ತತ್ತಾ? ಕಿವಿ ಗುಂಯ್ ಅನ್ನತ್ತಾ? ಇದು ಬಾಯಲ್ಲೇ ಇರಲ್ಲ ಮಾರಾಯ್ರೆ, ರಕ್ತಕ್ಕೆ ಇಳಿಯತ್ತೆ. ಜಾಸ್ತಿಯಾದ್ರೆ ಫಿಟ್ಸ್ ಬರಬಹುದು, ಹೃದಯಕ್ಕೇ ತೊಂದರೆ ಆಗಬಹುದು. ಬಾಟಲಿ ಇಲ್ಲಿ ಬಿಟ್ಟಿದ್ದು ನನ್ನ ತಪ್ಪು. ಮುಕ್ಕಾಲು ಗಂಟೆ ಕಣ್ಣೆದುರೇ ಕೂತಿರಬೇಕು."

"ಆಥ್ಥೆ... ಫಲ್ಫಲು..." ಎಂದ ಧರ್ಮೇಶ. ನಾಲಿಗೆ ಹಸಿ ಗೋಣಿಚೀಲದ ಹಾಗೆ ಬಿದ್ದಿತ್ತು.

"ಏನಂತಿದಾರೆ?"

"ಪಲ್ಪರ್ ಅಂತಿದಾರೆ," ಎಂದಳು ಕುಸುಮಾ.

"ಮರಗಟ್ಟಿದ್ದು ಪೂರ್ತಿ ಬಿಡೋವರೆಗೆ ನೀರೂ ಇಲ್ಲ. ಗಂಟಲಿಗೆ ಗೊತ್ತಾಗದೆ ಶ್ವಾಸಕ್ಕೆ ಹೋಗ್ಬಿಡತ್ತೆ. ಬಿಸಿ ಕಾಫಿ ಅಂತೂ, ನಾಲಿಗೆ ಬೆಂದ್ರೂ ಇವರಿಗೆ ತಿಳಿಯಲ್ಲ. ಹಲ್ಲಿಗೆ ನಾಳೆ ಬನ್ನಿ."

ಮೆಷಿನ್‌ನಲ್ಲಿ ಎಲ್ಲ ಸರಿಯಿದೆ ಎಂದು ಡಾಕ್ಟರು ಬಿಟ್ಟಾಗ ಹನ್ನೊಂದೂವರೆ. ಗಂಡ ಹೆಂಡತಿ ರಸ್ತೆ ದಾಟಿ ಓಡಿದರು. ಸಭಾಂಗಣ ಕಿಕ್ಕಿರಿದಿತ್ತು. ಅಲ್ಲಿವರೆಗೆ ಮೂರು ಗುಟುಕಿಗಿಂತ ಕಡಿಮೆಯಲ್ಲಿ ಯಾರೂ ಹೇಳಿರಲಿಲ್ಲ. ಸಂಘದ ಪರಮೇಶ್ವರಪ್ಪನವರು ಮೈಕಿನಲ್ಲಿ ಕೊನೆಯದಾಗಿ ಧರ್ಮೇಶನ ಹೆಸರು ಕೂಗಿದರು. ಏಳು ಕಪ್ಪು ಹಬೆಯಾಡುತ್ತಿದ್ದವು. ಧರ್ಮೇಶ ಚಮಚಕ್ಕೆ ಕೈ ಹಾಕಿದ. ಕುಸುಮಾ ಅವನ ಮಣಿಕಟ್ಟು ಹಿಡಿದಳು.

"ಮನೆಗೆ ಒಬ್ರು ಅಂತ ತಾನೆ ರೂಲು? ಇವ್ರ ಬಾಯಿ ಮರಗಟ್ಟಿದೆ, ನಾ ನೋಡ್ತೀನಿ."

"ನಿಂಗೆ ಗೊತ್ತಾಗತ್ತೇನಮ್ಮ?" ಎಂದರು ಪರಮೇಶ್ವರಪ್ಪ. "ನಾಲಿಗೆ ಇರೋದು ಧರ್ಮೇಶಂಗೆ ಅಂತಾರೆ."

"ಕಣದಲ್ಲಿ ಪಾರ್ಚ್‌ಮೆಂಟ್ ಬೀಜ ಕೆದಕಿ ಒಣಗಿಸೋದು ಯಾರು, ಹುರಿಯೋದು ಯಾರು, ಅವ್ರನ್ನೇ ಕೇಳಿ. ಈಗ ಅವ್ರಿಗೆ ಸುಳ್ಳು ಹೇಳೋಕೂ ಬರಲ್ಲ."

ಸಭೆಯಲ್ಲಿ ನಗು ಎದ್ದಿತು. ಕುಸುಮಾ ನಗಲಿಲ್ಲ. ಒಂದೊಂದೇ ಕಪ್ಪಿನ ಮೇಲೆ ಬಗ್ಗಿದಳು. ಐದನೆಯದಕ್ಕೆ ನಿಂತಳು, ನಾಲ್ಕಕ್ಕೆ ಹಿಂದೆ ಬಂದಳು, ಮತ್ತೆ ಐದಕ್ಕೆ ಹೋದಳು. ಚಮಚ ಅದ್ದಿ ಸುರ್ರೆಂದು ಎಳೆದು, ಉಗಿದು, ಕಪ್ಪನ್ನು ಮುಂದೆ ತಳ್ಳಿದಳು.

"ಇದು. ಕೊನೇ ದಿನ ಮೋಡ ಮುಚ್ಚಿ ಒಣಗಿದ್ದು ಒಂಚೂರು ಕಮ್ಮಿಯಾಗಿತ್ತು. ಇದು ನಮ್ದೇ."

ಪರಮೇಶ್ವರಪ್ಪನವರು ಬಸಿಯ ಅಡಿಯ ಚೀಟಿ ತೆಗೆದು ಓದಿದರು. ಮಲ್ಲಂದೂರು, ಮೂರೆಕರೆ. ಬೆಂಚುಗಳು ಉರುಳುವಂತೆ ಜನ ಎದ್ದರು. ಧರ್ಮೇಶ ಅಲ್ಲೇ ಮೂಲೆಯಲ್ಲಿಟ್ಟಿದ್ದ ಪಲ್ಪರನ್ನು ಅಪ್ಪಿಕೊಂಡು ಅದರ ಚಕ್ರವನ್ನು ಗಿರಗಿರ ತಿರುಗಿಸಿದ.

"ಗೆದ್ದವರ ಹೆಸರು ಧರ್ಮೇಶ್ ಅಂತ ತಾನೆ ಬರಿಯೋದು?" ಎಂದು ಪರಮೇಶ್ವರಪ್ಪ ಪೆನ್ನು ತೆಗೆದರು.

ಧರ್ಮೇಶ ಕೈ ಬೀಸಿ ಬೀಸಿ ಉದ್ದಕ್ಕೆ ಏನೋ ಹೇಳಿದ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಎಲ್ಲರೂ ಕುಸುಮಾಳ ಕಡೆ ನೋಡಿದರು.

"ಕುಸುಮಾ ಅಂತ ಬರೀರಿ ಅಂತಿದಾರೆ," ಎಂದಳು ಅವಳು, ಗಂಡನ ಗದ್ದದ ಮೇಲೆ ಇಳಿಯುತ್ತಿದ್ದ ಜೊಲ್ಲನ್ನು ಸೆರಗಿನಿಂದ ಒರೆಸುತ್ತ.