ನಲವತ್ತು ಹೊಸ ಕಣ್ಣು

ಆಸ್ಪತ್ರೆಯ ವರ್ಚುವಲ್ ಮಷೀನುಗಳಿಗೆಲ್ಲ, ಅಂದರೆ ಸರ್ವರ್‌ನೊಳಗೇ ಓಡುವ ಕಂಪ್ಯೂಟರುಗಳಿಗೆಲ್ಲ, ಇದ್ದದ್ದು ಒಂದೇ ಸ್ಟೋರೇಜು, ಅದನ್ನು ತಲುಪಲು ಒಂದೇ ನೆಟ್‌ವರ್ಕು. ಒಂದು ಎಕ್ಸ್‌ರೇ ತೆರೆಯಲು ಹತ್ತು ನಿಮಿಷ ಹಿಡಿಯತೊಡಗಿದಾಗ, ಸಿಬ್ಬಂದಿಯ ಮೈಗಳ್ಳತನವೇ ಕಾರಣವೆಂದು ನಿರ್ದೇಶಕರು ಕಂಡುಹಿಡಿದು, ಅವರ ಮೇಲೆ ಕಣ್ಣಿಡಲು ಆಗಲೇ ಇದ್ದ ಇಪ್ಪತ್ತು ಕ್ಯಾಮೆರಾಗಳ ಜೊತೆಗೆ ಇನ್ನೂ ನಲವತ್ತು ಹಾಕಿಸಿದರು. ಎಕ್ಸ್‌ರೇಗೆ ಅರ್ಧ ಗಂಟೆಯಾಯಿತು. ವಾರದೊಳಗೆ ಸರಿಪಡಿಸದಿದ್ದರೆ ಕೆಲಸವಿಲ್ಲವೆಂದು ಇಂಜಿನಿಯರ್ ವನಮಾಲಾಗೆ ನೋಟಿಸು ಬಂತು.

ಸೋಮವಾರ ಅವಳು ಸರ್ವರ್ ಕೋಣೆ ಹೊಕ್ಕಳು. ಮಂಗಳವಾರ ಎಕ್ಸ್‌ರೇಗಳು ಕ್ಷಣದಲ್ಲಿ ತೆರೆದವು.

ಶುಕ್ರವಾರ ನಿರ್ದೇಶಕರು ಅವಳನ್ನು ಕರೆಸಿ ಬೀಗಿದರು. “ನೋಡಿದ್ರೇನಮ್ಮಾ, ತಲೆ ಮೇಲೆ ಕ್ಯಾಮೆರಾ ಇದ್ರೆ ಹೆಂಗೆ ಕೆಲ್ಸ ಆಗುತ್ತೆ ಅಂತ?”

“ಹೌದು ಸರ್.”

“ನಾಲ್ಕು ದಿನದಿಂದ ನಾನೇ ಸ್ಕ್ರೀನ್ ಮುಂದೆ ಕೂತು ನೋಡ್ತಿದೀನಿ. ಒಬ್ರೂ ಸೀಟು ಬಿಟ್ಟು ಎದ್ದಿಲ್ಲ.”

ವನಮಾಲಾ ಸ್ಕ್ರೀನಿನತ್ತ ನೋಡಿದಳು. “ಕ್ಯಾಮೆರಾ ವಿಡಿಯೋನೇ ಸ್ಟೋರೇಜಿನ ದಾರಿ ಕಟ್ಟಿತ್ತು ಸರ್. ಸೋಮವಾರಾನೇ ಎಲ್ಲದರ ವೈರು ಕಿತ್ತೆ. ನೀವು ನೋಡ್ತಿರೋದು ಅವತ್ತೇ ನಿಂತುಹೋದ ಫೋಟೋ.”